ಒಂದೇ ತಾಯಿಯ ತೋಪು

ನಮ್ಮೂರ ತೋಪಿನಲ್ಲಿ ಯಾವ ಹಿಪ್ಪೆ ಮರ ಸತ್ತರೂ ಅದರ ಜಾಗಕ್ಕೆ ಸಸಿ ಕೊಡುವ ಕೆಲಸ ನಮ್ಮ ಮನೆಯದು. ಅಜ್ಜ ಕೊಟ್ಟರು, ಅಪ್ಪ ಕೊಟ್ಟರು, ಆಮೇಲೆ ನಾನು ಕೊಟ್ಟೆ. ಹಳೇಬೀಡಿನಿಂದ ಹುಲಿಕೆರೆ ಕಡೆಗೆ ಹೋಗುವ ದಾರಿ ಬಿಟ್ಟು ಸ್ವಲ್ಪ ಒಳಗೆ ಬಂದರೆ ಆ ತೋಪು ಸಿಗುತ್ತದೆ. ನಡುವೆ ಊರದೇವತೆ ಅಮ್ಮನ ಕಲ್ಲು, ಕಲ್ಲಿನ ಬೆನ್ನಿಗೆ ಒಂದು ಮುದಿ ಹಿಪ್ಪೆ. ಅದನ್ನು ತಾಯಿಮರ ಅನ್ನುತ್ತಾರೆ. ಆಷಾಢದಲ್ಲಿ ಅದರ ಹಣ್ಣು ಉದುರುವಾಗ ಬೆಳಗ್ಗೆ ಬಾಯಿಗೆ ನೀರೂ ಹಾಕದೆ ಹೋಗಿ, ಮಿಂದ ಒದ್ದೆ ಬಟ್ಟೆಯಲ್ಲೇ ಬೀಜ ಆಯ್ದು ತಂದು, ನಮ್ಮ ಹಿತ್ತಲಲ್ಲಿ ಸಸಿ ಎಬ್ಬಿಸಬೇಕು. ಆ ಒಂದು ಮರದ ಬೀಜ ಬಿಟ್ಟು ಬೇರೆ ಹಿಪ್ಪೆ ಬೀಜ ತೋಪಿನೊಳಗೆ ಹೋಗಕೂಡದು. ಬೇರೆ ಊರಿನ ಬೀಜವನ್ನು ಎಣ್ಣೆ ಆಡಿಸಲು ಚೀಲದಲ್ಲಿ ಹೊತ್ತು ತರುವವರು ಕೂಡ ತೋಪನ್ನು ಹಾಯದೆ ಸುತ್ತುಹಾಕಿಕೊಂಡೇ ಹೋಗುತ್ತಿದ್ದರು. ಅಮ್ಮನ ದೀಪಕ್ಕೆ ಇವತ್ತಿಗೂ ಈ ತೋಪಿನ ಎಣ್ಣೆಯೇ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪನಿಗೆ ಸೊಂಟ ಹಿಡಿದುಕೊಂಡಿತ್ತು, ತೆಂಗಿನ ತೋಟ ನೋಡುವವರು ಇರಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಓದಿದವರ ಎದುರು ತಲೆ ತಗ್ಗಿಸಿದವನಲ್ಲ, ಅವರನ್ನು ಆಡಿಕೊಂಡವನೂ ಅಲ್ಲ. ದುಡಿದೆ, ಅಷ್ಟೆ. ನಾನು ಇಟ್ಟ ಗಿಡ ಸಾಯುವುದಿಲ್ಲ ಅನ್ನುವ ಮಾತು ಮಾದಿಹಳ್ಳಿಯವರೆಗೂ ಇತ್ತು. ತೆಂಗು, ಹಲಸು, ಹೊಂಗೆ, ಏನೇ ನೆಡಲಿ, ಗುಂಡಿಗೆ ಮೊದಲ ಹಿಡಿ ಮಣ್ಣು ನನ್ನ ಕೈಯಿಂದಲೇ ಬೀಳಲಿ ಎಂದು ಕರೆಸಿಕೊಳ್ಳುತ್ತಿದ್ದರು. ಕೈಗುಣ ಅನ್ನುತ್ತಾರಲ್ಲ, ಅದು. ಹೊಗಳಿಕೆ ನನಗೆ ಬೇಡ ಎಂದು ಬಾಯಲ್ಲಿ ಹೇಳುತ್ತಿದ್ದೆ. ಆದರೆ ಆ ಒಂದು ಮಾತನ್ನು ಕೇಳಲು ಎಷ್ಟು ದೂರವಾದರೂ ಹೋಗುತ್ತಿದ್ದೆ.

ಈಚಿನ ಕೆಲವು ವರ್ಷಗಳಿಂದ ತಾಯಿಮರದ ಬೀಜ ಸರಿಯಾಗಿ ಏಳುವುದನ್ನು ಬಿಟ್ಟಿತು. ಅರ್ಧಕ್ಕರ್ಧ ಬೀಜ ಒಳಗೇ ಜೊಳ್ಳು. ಮೊಳೆತವು ಕೂಡ ಹಸಿರಾಗಿ ಬರುತ್ತಿರಲಿಲ್ಲ. ಬಿಳಿ. ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ ಎಲೆ, ಕಾಂಡ ಎಲ್ಲ ಬಿಳಿ. ಬೀಜದೊಳಗಿನ ಸತ್ವ ಇರುವಷ್ಟು ದಿನ ನಿಂತು ಆಮೇಲೆ ಕರಗಿ ಬಿದ್ದುಹೋಗುತ್ತಿದ್ದವು. ಮಣ್ಣು ಬದಲಾಯಿಸಿದೆ. ಹಳೇಬೀಡಿನ ಕೆರೆಯ ಗೋಡುಮಣ್ಣು ತಂದು ಹಾಕಿದೆ. ಗೊಬ್ಬರದಂಗಡಿಯವನು ಹೇಳಿದ ಪುಡಿಯನ್ನೂ ಕಲಸಿದೆ. ಒಂದು ವರ್ಷ ನಾನು ಮುಟ್ಟದೆ ನನ್ನ ಹೆಂಡತಿಯ ಕೈಯಲ್ಲೇ ಬೀಜ ಊರಿಸಿದೆ. ಅವಳ ಕೈಯಲ್ಲೂ ಬಿಳಿಯೇ ಬಂತು. ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ತೋಪಿನಲ್ಲಿ ಮರ ಬಿದ್ದ ಜಾಗಗಳು ಖಾಲಿ ಉಳಿದವು. ಊರು ಸುಮ್ಮನಿರುತ್ತದೆಯೆ? ಹೋಟೆಲಿನ ಬೆಂಚಿನ ಮೇಲೆ ನನ್ನ ವಾರಿಗೆಯವನೊಬ್ಬ ಎಲ್ಲರಿಗೂ ಕೇಳುವ ಹಾಗೆ, "ಏನ್ಲಾ, ಕೈಗೇನು ಪೌಡ್ರು ಬಳ್ಕೊಂಡು ಬೀಜ ಹಾಕ್ತೀಯ? ಸಸಿ ಎಲ್ಲಾ ಮದುವಣಗಿತ್ತಿ ಥರ ಬೆಳ್ಳಗೆ ಬತ್ತವಂತೆ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡೆ.

ಅಂಥ ಒಂದು ಬೇಸಿಗೆಯಲ್ಲಿ, ಹಿಪ್ಪೆ ಹೂ ಉದುರಿ ತಾಮ್ರದ ಬಣ್ಣದ ಎಳೆಲೆ ಬಿಡುವ ಹೊತ್ತಿಗೆ, ಅರಸೀಕೆರೆ ಬಸ್ಸಿನಿಂದ ಒಬ್ಬ ಹೆಣ್ಣುಮಗಳು ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ಇಳಿದರು. ಅವರು ಕೇಳುವ ಮೊದಲೇ ಹೋಟೆಲಿನವನು, "ದೇವಸ್ಥಾನ ಆ ಕಡೆ ಐತೆ ಕಣಮ್ಮ, ಮುಂದಿನ ಸ್ಟಾಪಲ್ಲಿ ಇಳೀಬೇಕಿತ್ತು" ಎಂದ.

"ದೇವಸ್ಥಾನಕ್ಕಲ್ಲ, ನಿಮ್ಮ ಹಿಪ್ಪೆ ಮರ ನೋಡಕ್ಕೆ ಬಂದೆ" ಎಂದರು ಅವರು.

ಯೂನಿವರ್ಸಿಟಿಯಲ್ಲಿ ಓದುತ್ತಿದ್ದವರು. ಅರಸೀಕೆರೆ ಕಡೆಯ ಒಂದು ತೋಪು, ಬೇಲೂರು ರಸ್ತೆಯ ಸಾಲುಮರ, ಮಾದಿಹಳ್ಳಿ, ಹುಲಿಕೆರೆ, ಆಮೇಲೆ ನಮ್ಮದು, ಇಷ್ಟು ಕಡೆಯ ಹಿಪ್ಪೆ ಎಲೆ ತೆಗೆದುಕೊಂಡು ಹೋಗಿ, ಒಂದು ತೋಪಿನ ಮರಕ್ಕೂ ಇನ್ನೊಂದು ತೋಪಿನ ಮರಕ್ಕೂ ಹುಟ್ಟಿನಲ್ಲಿ ಎಷ್ಟು ವ್ಯತ್ಯಾಸ ಇದೆ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಅಮ್ಮನ ಕಲ್ಲಿಗೆ ಪೂಜೆ ಮಾಡುವ ಹಿರಿಯರನ್ನು ನಾವು ಪೂಜಾರಪ್ಪ ಅನ್ನುತ್ತೇವೆ. ಅವರು ಮೊದಲು ಅನುಮಾನಪಟ್ಟರು. ಬೀಜ ಬೇಡ, ಕೊಂಬೆ ಬೇಡ, ಒಂದೊಂದು ಮರದಿಂದ ಎರಡು ಎಲೆ ಸಾಕು ಎಂದ ಮೇಲೆ ಒಪ್ಪಿ, ನನ್ನ ಕಡೆ ತಿರುಗಿ, "ನೀನೇ ಕಿತ್ಕೊಡಪ್ಪ, ಬೇರೆಯವ್ರು ಮುಟ್ಟೋದು ಬ್ಯಾಡ" ಎಂದರು.

ದೋಟಿ ಹಿಡಿದು ಎರಡು ದಿನ ಮೇಡಂ ಜೊತೆ ತಿರುಗಿದೆ. ಅವರು ಪಕ್ಕಪಕ್ಕದ ಮರ ಬೇಡ ಎಂದರು, ದೂರ ದೂರದವೇ ಬೇಕು. ಕಿತ್ತ ಎಲೆಯನ್ನು, ತೇವ ಹೀರುವ ಮಂಜಿನ ಹರಳಿನಂಥ ಪುಡಿ ಇರುವ ಕವರಿಗೆ ಹಾಕಿ ಮೇಲೆ ಗುರುತು ಬರೆಯುತ್ತಿದ್ದರು. ಮರದ ಸುತ್ತಳತೆ ಕೇಳಿದರು, ತೋಪು ಯಾರದು ಎಂದು ಕೇಳಿದರು. ಬೀಜ ಎಲ್ಲಿಂದ ತರುತ್ತೀರಿ ಎಂದು ಕೇಳಲಿಲ್ಲ. ಊರಿನಲ್ಲಿ ಮಕ್ಕಳಿಗೂ ಗೊತ್ತಿರುವುದನ್ನು ಎತ್ತಿ ಹೇಳಬೇಕು ಎಂದು ನನಗೂ ಹೊಳೆಯಲಿಲ್ಲ.

ದೀಪಾವಳಿ ಕಳೆದ ಮೇಲೆ ಫೋನು ಬಂತು. "ಅಣ್ಣ, ಬೇಜಾರು ಮಾಡ್ಕೋಬೇಡಿ. ಒಂದು ಮಾತು ಕೇಳ್ತೀನಿ" ಎಂದು ಮೇಡಂ ತಡವರಿಸಿದರು. "ನೀವು ಕಿತ್ಕೊಟ್ಟ ಎಲೆ ಎಲ್ಲಾ ಬೇರೆ ಬೇರೆ ಮರದ್ದೇ ತಾನೆ?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಮೈಯೆಲ್ಲ ಉರಿಯಿತು. ಒಂದೇ ಮರದ ಕೆಳಗೆ ನಿಂತು ಕವರು ತುಂಬಿಸಿಬಿಟ್ಟೆ ಎಂದು ಅವರ ಅನುಮಾನ. "ನೀವೇ ಜೊತೇಲಿದ್ರಲ್ಲ ಮೇಡಂ" ಎಂದೆ.

"ಎರಡನೇ ದಿನ ಮಧ್ಯಾಹ್ನ ನಾನು ಊಟಕ್ಕೆ ಹೋಗಿದ್ದೆ ಅಣ್ಣ. ನೀವು ಒಬ್ಬರೇ ಕಿತ್ತಿಟ್ಟಿದ್ರಿ. ಅಷ್ಟೊಂದು ಹೋಲಿಕೆ ಬಂದಿದೆ, ಅದಕ್ಕೆ ಕೇಳ್ದೆ."

"ನಾನು ಉಣ್ಣದೆ ಕಿತ್ತಿದ್ದು ಮೇಡಂ" ಎಂದು ಹೇಳಿ ಫೋನು ಇಟ್ಟೆ. ಅಂದು ಅನ್ನ ಸೇರಲಿಲ್ಲ. ಸಸಿ ಬಿಳಿಯಾದಾಗ ಊರು ನನ್ನ ಕೈಯನ್ನು ಆಡಿಕೊಂಡಿತ್ತು. ಈಗ ಯೂನಿವರ್ಸಿಟಿ ನನ್ನ ದುಡಿಮೆಯನ್ನೇ ಆಡಿಕೊಂಡ ಹಾಗಾಯಿತು. ಮೇಡಂ ಮುಂದಿನ ವಾರ ಅವರಾಗೇ ಬಂದು, ಪ್ರತಿ ಮರಕ್ಕೂ ತಗಡಿನ ಬಿಲ್ಲೆ ಕಟ್ಟಿ, ಎದುರು ನಿಂತು ಮತ್ತೊಮ್ಮೆ ಎಲೆ ತೆಗೆಸಿದರು. ನಾನು ಬೇಕಾದ್ದಕ್ಕಿಂತ ಒಂದು ಮಾತೂ ಹೆಚ್ಚು ಆಡಲಿಲ್ಲ. ಹೆಂಡತಿ ಮಾತ್ರ ಅವರನ್ನು ಕರೆದು ಉಪ್ಪಿಟ್ಟು ಕೊಟ್ಟಳು.

ಮತ್ತೆ ಫೋನು ಬರುವ ಹೊತ್ತಿಗೆ ಮತ್ತೊಂದು ಬೇಸಿಗೆ. ಈ ಸಲ ದನಿಯಲ್ಲಿ ತಡವರಿಕೆ ಇರಲಿಲ್ಲ. "ನಿಮ್ಮ ಎಲೆ ಸರಿಯಾಗೇ ಇತ್ತು ಅಣ್ಣ, ಕ್ಷಮಿಸಿ. ನಿಮ್ಮ ತೋಪು ಬೇರೆ ಎಲ್ಲಾ ತೋಪಿಗಿಂತ ತುಂಬಾ ಬೇರೆಯಾಗಿ ನಿಂತಿದೆ. ನಾನು ಬಂದು ವಿವರವಾಗಿ ಹೇಳ್ತೀನಿ."

ವಿವರಕ್ಕೆ ನಾನು ಕಾಯಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ನೇರ ಹೋಟೆಲಿಗೆ ಹೋದೆ. ನನ್ನನ್ನು ಆಡಿಕೊಂಡ ಅದೇ ಬೆಂಚಿನ ಮೇಲೆ ಕುಳಿತು, "ಅರಸೀಕೆರೆ ಬೇಲೂರು ಎಲ್ಲಾ ಲೆಕ್ಕ ಹಾಕವ್ರೆ. ನಮ್ಮ ತೋಪಿನಂಥದ್ದು ಇನ್ನೊಂದಿಲ್ವಂತೆ" ಎಂದೆ. ಹೋಟೆಲಿನವನು ಕಾಸು ಬೇಡವೆಂದ. ಪಂಚಾಯ್ತಿ ಮೆಂಬರು ಅಲ್ಲೇ ಇದ್ದ. "ಹಂಗಾದ್ರೆ ರೋಡಿಗೆ ಒಂದು ಬೋರ್ಡು ಹಾಕ್ಸನ. ದೇವಸ್ಥಾನಕ್ಕೆ ಬಂದೋರು ಇಲ್ಲೂ ಒಂದು ಸುತ್ತು ಬತ್ತಾರೆ" ಎಂದ. ಪೂಜಾರಪ್ಪ ಸುದ್ದಿ ಕೇಳಿ ಅಮ್ಮನ ಕಲ್ಲಿಗೆ ಹಣ್ಣುಕಾಯಿ ಮಾಡಿಸಿದರು. "ನಿಮ್ಮಪ್ಪ ಇರಬೇಕಿತ್ತು ಕಣಪ್ಪ. ಹೊರಗಿನ ಒಂದು ಬೀಜ ಬಿಡಲಿಲ್ಲ ಆ ಪುಣ್ಯಾತ್ಮ" ಎಂದಾಗ ನನ್ನ ಕಣ್ಣು ತುಂಬಿತು.

ಮೇಡಂ ಬಂದದ್ದು ಅದಾಗಿ ಸ್ವಲ್ಪ ದಿನಕ್ಕೆ. ನಮ್ಮ ಜಗಲಿಯ ಮೇಲೆ ಕುಳಿತು ಲ್ಯಾಪ್‌ಟಾಪು ತೆರೆದು ಬಣ್ಣದ ಪಟ್ಟಿಗಳನ್ನು ತೋರಿಸಿದರು. ಒಂದೊಂದು ತೋಪಿಗೆ ಒಂದೊಂದು ಪಟ್ಟಿ. ಬೇರೆಯವರದ್ದರಲ್ಲಿ ನೀಲಿ, ಹಸಿರು, ಹಳದಿ, ಕೆಂಪು ಎಲ್ಲ ಕಲಸಿಕೊಂಡಿದ್ದವು. ನಮ್ಮದು ಮಾತ್ರ ಇಡೀ ಪಟ್ಟಿ ಒಂದೇ ಕೆಂಪು.

"ಚೆಂದಾಗೈತಲ್ಲ ಮೇಡಂ, ಧಾರೆ ಸೀರೆ ಥರ" ಎಂದೆ.

ಅವರು ನಗಲಿಲ್ಲ. ಒಳಗೆ ನೋಡಿ, "ಅಕ್ಕಾ, ಮೊರ ಇದ್ರೆ ಕೊಡ್ತೀರಾ? ಸ್ವಲ್ಪ ಕಾಳೂ ಬೇಕು, ಯಾವ್ಯಾವ ಥರ ಇದ್ರೆ ಅದು" ಎಂದರು. ಹೆಂಡತಿ ಪಕ್ಕದ ಮನೆಯಿಂದಲೂ ಕೇಳಿ ಮೊರಗಳನ್ನು ತಂದು ಸಾಲಾಗಿ ಇಟ್ಟಳು. ಮೇಡಂ ಎಲ್ಲ ಮೊರಗಳಿಗೂ ಅವರೆ, ಹುರುಳಿ, ಹೆಸರು, ಅಲಸಂದೆ ಬೆರೆಸಿ ಹಾಕಿದರು, ಒಂದರಲ್ಲಿ ಅವರೆ ಸ್ವಲ್ಪ ಹೆಚ್ಚು, ಇನ್ನೊಂದರಲ್ಲಿ ಹೆಸರು ಹೆಚ್ಚು. ಕೊನೆಯ ಮೊರಕ್ಕೆ ಬರೀ ಹುರುಳಿ.

"ಒಂದೊಂದು ಮೊರ ಒಂದೊಂದು ತೋಪು ಅಂದ್ಕೊಳ್ಳಿ. ಕಾಳು ಅಂದ್ರೆ ಮರ ತನ್ನ ಮಕ್ಕಳಿಗೆ ದಾಟಿಸೋ ಗುಣ. ಈಗ ಎಲ್ಲಾ ಮೊರಾನೂ ಒಂದೇ ಕಡೆ ಸುರಿದ್ರೆ ಎಷ್ಟು ಬೆರಕೆ ಇರುತ್ತೆ? ಅದು ಒಟ್ಟು ಬೆರಕೆ. ಆಮೇಲೆ ಒಂದೊಂದು ಮೊರದೊಳಗೆ ಎಷ್ಟು ಬೆರಕೆ ಇದೆ ಅಂತ ನೋಡ್ತೀವಿ. ಮೊರದೊಳಗಿನದು ಒಟ್ಟಿಗಿಂತ ಎಷ್ಟು ಕಡಿಮೆ ಅಂತ ತೆಗೆದು, ಅದನ್ನ ಒಟ್ಟಿನಿಂದ ಭಾಗಿಸ್ತೀವಿ. ಸೊನ್ನೆ ಬಂದ್ರೆ ಎಲ್ಲಾ ತೋಪೂ ಒಂದೇ. ಅಂಕಿ ಒಂದರ ಹತ್ತಿರ ಹೋದಷ್ಟೂ ತೋಪು ತೋಪಿಗೆ ಸಂಬಂಧ ಇಲ್ಲ ಅಂತ. ನಿಮ್ಮ ತೋಪನ್ನ ಯಾವುದರ ಪಕ್ಕ ಇಟ್ಟು ಲೆಕ್ಕ ಮಾಡಿದ್ರೂ ಅಂಕಿ ಮೇಲೆ ಹೋಗುತ್ತೆ."

ಭಾಗಾಕಾರ ನನಗೆ ಬರುತ್ತದೆ. ಅಷ್ಟು ಹಿಡಿದುಕೊಂಡೆ. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದವಳು, "ಅದು ಸುಮ್ನೆ ಹಂಗೇ ಬಂದಿರಬೌದಲ್ವಾ ಮೇಡಂ? ನೀವು ಕಿತ್ತ ಎಲೆಗಳೇ ಹಂಗಿದ್ದು?" ಎಂದಳು.

ಮೇಡಂಗೆ ಖುಷಿಯಾಯಿತು. "ಒಳ್ಳೆ ಪ್ರಶ್ನೆ ಅಕ್ಕ. ಅದಕ್ಕೆ ಯಾವ ಎಲೆ ಯಾವ ತೋಪಿಂದು ಅನ್ನೋ ಚೀಟಿ ಕಿತ್ತು, ಎಲ್ಲಾ ಕಲಸಿ, ಸುಮ್ಮನೆ ಹಂಚಿ, ಮತ್ತೆ ಲೆಕ್ಕ ಹಾಕ್ತೀವಿ. ಕಂಪ್ಯೂಟರು ಹಾಗೆ ಸಾವಿರಾರು ಸಲ ಮಾಡುತ್ತೆ. ಕಲಸಿ ಹಾಕಿದ ಯಾವ ಲೆಕ್ಕದಲ್ಲೂ ಅಷ್ಟು ದೊಡ್ಡ ಅಂಕಿ ಬರಲಿಲ್ಲ. ಅಂದ್ರೆ ಇದು ಆಕಸ್ಮಿಕ ಅಲ್ಲ."

"ಮತ್ತೆ ನಾನು ಹೇಳಿದ್ದೂ ಅದೇ ಅಲ್ವಾ? ನಾವೇ ಬೇರೆ" ಎಂದೆ.

ಮೇಡಂ ಹುರುಳಿ ಇದ್ದ ಮೊರವನ್ನು ನನ್ನ ಮುಂದಕ್ಕೆ ಸರಿಸಿದರು. "ಬೇರೆ ಆಗೋದಕ್ಕೆ ಎರಡು ದಾರಿ ಇದೆ ಅಣ್ಣ. ಯಾರ ಹತ್ರಾನೂ ಇಲ್ಲದ ಕಾಳು ನಿಮ್ಮಲ್ಲಿ ಇದ್ರೂ ಅಂಕಿ ಮೇಲೆ ಹೋಗುತ್ತೆ. ಎಲ್ಲರ ಹತ್ರಾನೂ ಇರೋ ಕಾಳು ನಿಮ್ಮಲ್ಲಿ ಕಳೆದುಹೋಗಿದ್ರೂ ಮೇಲೆ ಹೋಗುತ್ತೆ. ಅಂಕಿ ಒಂದೇ ಥರ ಕಾಣುತ್ತೆ. ಅದಕ್ಕೇ ಮೊರದೊಳಗೆ ಇಣುಕಿ ನೋಡ್ಬೇಕು. ನಿಮ್ಮದರಲ್ಲಿ ಬೇರೆ ಕಡೆ ಇಲ್ಲದ ಕಾಳು ಒಂದೂ ಸಿಗಲಿಲ್ಲ."

ಕೋಳಿಯೊಂದು ಮೊರಕ್ಕೆ ಕುತ್ತಿಗೆ ಚಾಚಿತು, ಹೆಂಡತಿ ಅದನ್ನು ಅಟ್ಟಿದಳು. ಆಗ ಮೇಡಂ ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದರು. "ನೀವು ಸಸಿಗೆ ಬೀಜ ಎಲ್ಲಿಂದ ತರ್ತೀರಾ?"

ಹೇಳಿದೆ. ಅಜ್ಜನ ಕಾಲದಿಂದ ಇರುವುದೆಲ್ಲ ಹೇಳಿದೆ. ಬಿಳಿ ಸಸಿಗಳನ್ನೂ ಹೇಳಿದೆ. ಅವರು ಲ್ಯಾಪ್‌ಟಾಪು ಮುಚ್ಚಿ ಕೇಳುತ್ತಿದ್ದರು. ಅವರು ಹೇಳಿದ್ದರ ಸಾರ ಇಷ್ಟು: ತಾಯಿಮರದ ಸುತ್ತ ಇರುವುದೆಲ್ಲ ಅದರದೇ ಮಕ್ಕಳು, ಮೊಮ್ಮಕ್ಕಳು. ಅದರ ಹೂವಿಗೆ ಬೀಳುವ ಪರಾಗವೂ ಅವುಗಳದ್ದೇ. ರಕ್ತದಲ್ಲಿ ಅಡಗಿರುವ ಕೆಟ್ಟದ್ದೊಂದು ಎರಡೂ ಕಡೆಯಿಂದ ಬಂದು ಸೇರಿದರೆ ಎಲೆ ಹಸಿರು ಕಟ್ಟುವುದಿಲ್ಲ. ಅಪ್ಪನ ಕಾಲದಲ್ಲಿ ಸುತ್ತಮುತ್ತ ಇನ್ನೂ ತೋಪುಗಳಿದ್ದವು. ಬಾವಲಿಗಳು ಅಲ್ಲಿ ಹೂ ತಿಂದು ಇಲ್ಲಿಗೆ ಹಾರುತ್ತಿದ್ದವು, ಹೊರಗಿನ ಪರಾಗ ನಮ್ಮ ಅಪ್ಪಣೆ ಕೇಳದೆ ಒಳಗೆ ಬರುತ್ತಿತ್ತು. ಈಗ ಆ ತೋಪುಗಳಿಲ್ಲ. "ಇದೇ ಕಾರಣ ಅಂತ ನಾನು ಆಣೆ ಇಟ್ಟು ಹೇಳಲ್ಲ ಅಣ್ಣ, ಆದ್ರೆ ಎಲ್ಲಾ ಹೊಂದಿಕೆ ಆಗ್ತಿದೆ. ಮನುಷ್ಯರಲ್ಲೂ ಅಷ್ಟೆ, ಒಂದೇ ಮನೆಯೊಳಗೆ ಹೆಣ್ಣು ಕೊಟ್ಟು ತಂದು..." ಎಂದವರು ಥಟ್ಟನೆ ನಿಲ್ಲಿಸಿ ನನ್ನ ಹೆಂಡತಿಯ ಮುಖ ನೋಡಿದರು.

ಅವಳು ನನ್ನ ಅಕ್ಕನ ಮಗಳು. ಮಾದಿಹಳ್ಳಿಯಲ್ಲಿ ಹುಟ್ಟಿದವಳು. ಈಗಲೂ ನನ್ನನ್ನು ಮಾವ ಎಂದೇ ಕರೆಯುತ್ತಾಳೆ. ಉಪ್ಪಿಟ್ಟು ತಿನ್ನುವಾಗ ಮೇಡಂಗೆ ಅವಳೇ ಹೇಳಿದ್ದಳು.

"ಹೇಳಿ ಮೇಡಂ, ಯಾಕೆ ನಿಲ್ಸುದ್ರಿ?" ಎಂದು ನಕ್ಕಳು. "ನಮ್ಮ ಮಕ್ಕಳು ಕಪ್ಪಗೆ ಗುಂಡುಕಲ್ಲಿನಂಗವ್ರೆ, ಒಂದೂ ಬೆಳ್ಳಗೆ ಬರ್ಲಿಲ್ಲ. ಬಂದಿದ್ರೆ ಗಂಡಿನ ಕಡೆಯೋರು ಬ್ಯಾಗ ಒಪ್ಕೊಳೋರು."

ಮೇಡಂ ನಕ್ಕು ಹಗುರಾದರು. "ಒಂದು ಸಲಕ್ಕೆ ಹಾಗಾಗಲ್ಲ ಅಕ್ಕ. ತಲೆಮಾರಿಂದ ತಲೆಮಾರಿಗೆ ಅದೇ ಆದ್ರೆ ಕಷ್ಟ." ನಾನು ನಗಲಿಲ್ಲ. ಮಗಳಿಗೆ ಅವಳ ಸೋದರಮಾವನ ಮಗನನ್ನೇ ತರಬೇಕೆಂದು ನಾವಿಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದೆವು. ಆ ಮಾತನ್ನು ಅಂದಿನಿಂದ ಇಬ್ಬರೂ ಎತ್ತಿಲ್ಲ.

ನನ್ನ ಕೈ ಕೆಟ್ಟಿರಲಿಲ್ಲ ಎಂದು ಗೊತ್ತಾದ ದಿನ ಅದು. ಹಗುರಾಗಬೇಕಿತ್ತು. ಆದರೆ ಕೈಗಿಂತ ದೊಡ್ಡದು ಕೆಟ್ಟಿತ್ತು. ಯಾವುದನ್ನು ನಮ್ಮ ಮನೆಯ ಶುದ್ಧಿ ಎಂದು ತಲೆಯ ಮೇಲೆ ಹೊತ್ತುಕೊಂಡಿದ್ದೆವೋ ಅದೇ ಮರಗಳನ್ನು ತಿನ್ನುತ್ತಿತ್ತು. ನಾನು ಹೀಗೇ ಬಿಟ್ಟರೆ ನನ್ನ ಕಾಲದಲ್ಲಿ ತೋಪು ಬೋಳಾಗಲಾರದು, ಮಕ್ಕಳ ಕಾಲಕ್ಕೆ ಆಗುತ್ತದೆ. ಏನು ಮಾಡಬೇಕು ಎಂದು ಕೇಳಿದ್ದಕ್ಕೆ ಮೇಡಂ, ಬೇರೆ ತೋಪುಗಳ ಬೀಜ ತಂದು ನಡುವೆ ನೆಡಿ ಎಂದರು. ಮಾದಿಹಳ್ಳಿಯಲ್ಲೂ ಒಂದೇ ಮರದಿಂದ ಆಯಬೇಡಿ, ಮತ್ತೆ ಅದೇ ಕತೆಯಾಗುತ್ತದೆ, ಹಲವು ಮರ, ಹಲವು ಊರು ಎಂದರು. ಹೇಳುವುದು ಸುಲಭವಾಗಿತ್ತು.

ಅಮ್ಮನ ಪೂಜೆಯ ದಿನ ಊರಿನವರು ತೋಪಿನಲ್ಲಿ ಸೇರಿದಾಗ ಮಾತು ತೆಗೆದೆ. ಮೊರದ ಕತೆಯನ್ನು ನನಗೆ ತಿಳಿದ ಹಾಗೆ ಹೇಳಿದೆ. ಪಂಚಾಯ್ತಿ ಮೆಂಬರಿಗೆ ಸಿಟ್ಟು ಬಂತು. ಬೋರ್ಡು ಆಗಲೇ ಬರೆಸಿ ಆಗಿತ್ತು. "ಮೊದ್ಲು ನೀನೇ ಬಂದು ನಮ್ಮಂಥ ತೋಪಿಲ್ಲ ಅಂದೆ. ಈಗ ನೀನೇ ಇದಕ್ಕೆ ಕಾಯಿಲೆ ಅಂತೀಯ. ನಿನ್ನ ಸಸಿ ಏಳ್ತಿಲ್ಲ ಅಂತ ತೋಪಿನ ಮ್ಯಾಲೆ ಹಾಕ್ತೀಯಲ್ಲ, ಇದು ನ್ಯಾಯವೇನಪ್ಪ?" ಎಂದ. ಅವನನ್ನು ಎದುರಿಸಬಲ್ಲೆ. ಮೊದಲು ಹೇಳಿದವನು ನಾನೇ ಆದ್ದರಿಂದ ಬಾಯಿ ಕಟ್ಟಿತು, ಅಷ್ಟೆ.

ನನ್ನನ್ನು ನಿಜವಾಗಿ ನಿಲ್ಲಿಸಿದ್ದು ಪೂಜಾರಪ್ಪ. ಅವರು ಸಿಟ್ಟಾಗಲಿಲ್ಲ. "ನೀನು ಹೇಳೋದು ಸುಳ್ಳು ಅನ್ನಲ್ಲಪ್ಪ" ಎಂದರು. "ಆದ್ರೆ ಒಂದು ಯೋಚ್ನೆ ಮಾಡು. ಸುತ್ತ ಇದ್ದ ತೋಪೆಲ್ಲಾ ಏನಾದ್ವು? ಒಂದರಲ್ಲಿ ಗೋಡೌನು ಎದ್ದೈತೆ, ಒಂದರಲ್ಲಿ ಸೈಟು ಹಂಚವ್ರೆ. ಇದಕ್ಕೆ ಯಾರೂ ಕೊಡ್ಲಿ ಹಾಕಿಲ್ಲ. ಯಾಕೆ? ಇಲ್ಲಿ ಇರೋದೆಲ್ಲಾ ಅಮ್ಮನ ಮರದ ಮಕ್ಕಳು ಅಂತ. ನಾಳೆ ಮಾದಿಹಳ್ಳಿ ಸಸಿ ಬತ್ತದೆ, ನಾಡಿದ್ದು ಅರಸೀಕೆರೆ ಸಸಿ ಬತ್ತದೆ. ಆಮೇಲೆ ಯಾರೋ ಬಂದು, ಇದು ಹೊರಗಿನ ಮರ, ಕಡಿದ್ರೆ ಏನಾಗತ್ತೆ ಅಂದ್ರೆ ನಾನು ಯಾವ ಬಾಯಲ್ಲಿ ತಡೀಲಿ?"

ಹೆಂಗಸರ ಕಡೆಯಿಂದ ನನ್ನ ಹೆಂಡತಿ, "ನಾನೂ ಮಾದಿಹಳ್ಳಿಯಿಂದ ಬಂದೋಳೇ ಅಲ್ವಾ ಪೂಜಾರಪ್ಪ? ಸೇರಿಸ್ಕೊಂಡಿಲ್ವಾ?" ಎಂದಳು.

"ನೀನು ಬಂದಿದ್ದೂ ನಿನ್ನ ತಾಯಿಯ ತವರಿಗೇ ಅಲ್ಲೇನವ್ವ" ಎಂದರು ಅವರು. ಎಲ್ಲರೂ ನಕ್ಕರು.

ಪೂಜಾರಪ್ಪನ ಮಾತೂ ಸುಳ್ಳಲ್ಲ. ಬೇಲೂರಿನಿಂದ ಅರಸೀಕೆರೆಯವರೆಗೆ ಎಷ್ಟು ತೋಪು ಹೋಗಿವೆ ಎಂದು ನಾನೇ ನೋಡಿದ್ದೇನೆ. ಈ ಕಟ್ಟುಪಾಡು ಇಲ್ಲದಿದ್ದರೆ ನಮ್ಮದೂ ಹೋಗುತ್ತಿತ್ತು. ಕಾಪಾಡಿದ್ದೂ ಅದೇ, ಒಳಗಿನಿಂದ ಒಣಗಿಸುತ್ತಿರುವುದೂ ಅದೇ. ಮೇಡಂ ಲೆಕ್ಕದಲ್ಲಿ ಇದಕ್ಕೆ ಅಂಕಿ ಇದೆಯೋ ಇಲ್ಲವೋ ಕೇಳಲಿಲ್ಲ.

ಅಂದೇ ನಾನು ಇನ್ನೊಂದು ಮಾತು ಹೇಳಿದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. "ಹಂಗಾದ್ರೆ ತಾಯಿಮರದ ಬೀಜ ಇನ್ಮೇಲೆ ನಾನು ಹಾಕಲ್ಲ. ಸಾಯೋದು ಗೊತ್ತಿದ್ದೂ ಹಾಕಕ್ಕೆ ನನ್ನ ಕೈಯಲ್ಲಿ ಆಗಲ್ಲ." ಪೂಜಾರಪ್ಪ ನನ್ನ ಚಿಕ್ಕಪ್ಪನ ಮಗನ ಕಡೆ ತಿರುಗಿದರು. ಅವನೂ ನಮ್ಮ ಮನೆತನದವನೇ, ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಕೆಲಸ ಅವನಿಗೆ ಹೋಯಿತು. ಪೂಜೆ ಆದ ಮೇಲೆ ಮೊದಲ ತೆಂಗಿನಕಾಯಿ ಹೋಳು ನಮ್ಮ ಮನೆಗೆ ಬರುವುದು ವಾಡಿಕೆ. ಅಂದು ಅವನ ಕೈಗೆ ಹೋಯಿತು. ತೆಗೆದುಕೊಳ್ಳುವಾಗ ಅವನು ನನ್ನ ಮುಖ ನೋಡಲಿಲ್ಲ. ದಾರಿಯಲ್ಲಿ ಹೆಂಡತಿ, "ಬಾಯಿ ಬಿಗಿ ಹಿಡೀಬೇಕಿತ್ತು ಮಾವ. ನಿಮ್ಮಪ್ಪನ ಕೆಲ್ಸ ಅದು" ಎಂದಳು. ನನಗೆ ಗೊತ್ತಿತ್ತು.

ನಮ್ಮ ತೆಂಗಿನ ತೋಟ ತೋಪಿಗೆ ಅಂಟಿಕೊಂಡೇ ಇದೆ. ನಡುವೆ ಒಂದು ಬದು. ಬದುವಿನ ಆಚೆ ಊರಿನ ಕಟ್ಟು, ಈಚೆ ನನ್ನ ಪಹಣಿ. ಬಾವಲಿಗೆ ಪಹಣಿ ಗೊತ್ತಿಲ್ಲ. ಇದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಬದುವಿನ ಮೇಲೆ ಕುಳಿತಿದ್ದಾಗ ಹೊಳೆದದ್ದು. ಹೊರಗಿನ ಹಿಪ್ಪೆಯನ್ನು ಬದುವಿನ ಈಚೆ ನೆಟ್ಟರೆ ಸಾಕೇ ಎಂದು ಫೋನು ಮಾಡಿ ಕೇಳಿದಾಗ ಮೇಡಂ, ಆಗುತ್ತದೆ ಅಣ್ಣ, ಆದರೆ ಹೂ ಬಿಡುವವರೆಗೆ ಕಾಯಬೇಕು ಎಂದರು. ಹಿಪ್ಪೆ ಹೂ ಬಿಡುವುದು ಬೇಗದ ಮಾತಲ್ಲ. ಆ ಹೂವಿನ ಪರಾಗ ತಾಯಿಮರಕ್ಕೆ ಸೇರಿ, ಬೀಜ ಆಗಿ, ಸಸಿ ಎದ್ದು, ಅದು ಹಸಿರಾಗಿದೆಯೋ ಎಂದು ನೋಡಲು ನಾನು ಇರುತ್ತೇನೋ ಇಲ್ಲವೋ.

ಹಿಪ್ಪೆಗೆ ಬಿಸಿಲು ಬೇಕು. ಬದುವಿನ ಸಾಲಿನಲ್ಲಿದ್ದ ಫಲ ಬಿಡುತ್ತಿದ್ದ ತೆಂಗಿನ ಮರಗಳನ್ನು ಕಡಿಸಿದೆ. ಗೊನೆ ತುಂಬ ಕಾಯಿ ಇದ್ದ ಮರಗಳು, ಅಪ್ಪ ಇಟ್ಟವು. ಕಡಿಯಲು ಬಂದವನು ಮೇಲೆ ನೋಡಿ, "ಯಜಮಾನ್ರೇ, ತಲೆ ಸರಿಗೈತಾ?" ಎಂದ. ನಾನು, "ಹಗ್ಗ ಕಟ್ಟು" ಎಂದೆ. ಮರ ಬೀಳುವಾಗ ಹೆಂಡತಿ ಮನೆಯಿಂದ ಹೊರಗೆ ಬರಲಿಲ್ಲ. ಅಕ್ಕನ ಊರಿಗೆ, ಹುಲಿಕೆರೆಗೆ, ಬೇಲೂರು ರಸ್ತೆಗೆ, ಅರಸೀಕೆರೆ ಕಡೆಗೆ, ಬೀಜ ಬೀಳುವ ಕಾಲದಲ್ಲಿ ಬಸ್ಸಿನಲ್ಲೇ ತಿರುಗಿದೆ. ಒಂದೊಂದು ಊರಿನಲ್ಲೂ ಒಂದೊಂದು ಮರದ ಕೆಳಗೆ ಒಂದೆರಡು ಬೀಜಕ್ಕಿಂತ ಹೆಚ್ಚು ಆಯಲಿಲ್ಲ. ಹಿಪ್ಪೆ ಬೀಜ ಇಟ್ಟರೆ ಕೆಡುತ್ತದೆ, ತಂದ ದಿನವೇ ಊರಿದೆ. ತೋಪಿನೊಳಗೆ ಹಾಯದೆ, ಚೀಲ ಹೊತ್ತವರ ಹಾಗೆ ಸುತ್ತುಹಾಕಿಕೊಂಡೇ ಬಂದೆ. ಅದನ್ನು ಯಾರೂ ನನಗೆ ಹೇಳಬೇಕಿರಲಿಲ್ಲ.

ಹಸಿರಾಗೇ ಎದ್ದವು. ನನ್ನ ಎದೆ ಹಿಗ್ಗಲಿಲ್ಲ. ಬದುವಿನ ಆಚೆಯವು ಹಸಿರಾಗಬೇಕಿತ್ತು.

ಈ ಆಷಾಢದಲ್ಲಿ ನಾನು ಬದುವಿನ ಈಚೆ ಸಸಿಗಳ ಬುಡ ಕೆದಕುತ್ತಿದ್ದೆ. ಚಿಕ್ಕಪ್ಪನ ಮಗ ಒದ್ದೆ ಪಂಚೆಯಲ್ಲಿ ತಾಯಿಮರದ ಕೆಳಗೆ ಬಗ್ಗಿ ಬೀಜ ಆಯುತ್ತಿದ್ದ. ಎರಡು ಮನೆಗೆ ಮಾತು ಇರಲಿಲ್ಲ. ಆಯ್ದು ಮುಗಿದ ಮೇಲೆ ಅವನು ಹೋಗದೆ ಬದುವಿನ ತನಕ ಬಂದು ನಿಂತ.

"ಅಣ್ಣ, ಬೀಜ ಎಷ್ಟು ಆಳಕ್ಕೆ ಇಡ್ಬೇಕು?"

ಹೇಳಬಾರದು ಎಂದು ಒಂದು ಗಳಿಗೆ ಅನ್ನಿಸಿತು. "ಹೆಬ್ಬೆಟ್ಟಿನ ಗೆಣ್ಣು ಮುಳುಗೋವಷ್ಟು. ಮಲಗಿಸಿ ಇಡು, ನಿಲ್ಲಿಸ್ಬ್ಯಾಡ. ಮೊದ್ಲು ನೀರಿಗೆ ಹಾಕು. ತೇಲಿದ್ದು ಬ್ಯಾಡ."

"ಹೋದ್ಸಲ ನಂದೂ ಬೆಳ್ಳಗೇ ಬಂದ್ವು" ಎಂದ. ಊರಿಗೆ ಅದನ್ನು ಹೇಳಿರಲಿಲ್ಲ ಅನ್ನಿಸುತ್ತದೆ, ದನಿ ಅಷ್ಟು ತಗ್ಗಿತ್ತು.

"ಒಂದರಲ್ಲಾದ್ರೂ ಹಸಿರು ಕಂಡ್ರೆ ಅದನ್ನ ಮೊದಮೊದ್ಲು ಬಿಸಿಲಿಂದ ಕಾಪಾಡು" ಎಂದೆ.

ಅವನು ನನ್ನ ಸಸಿಗಳನ್ನು ಒಂದೊಂದಾಗಿ ನೋಡಿದ. ಯಾವ ಊರಿನವು ಎಂದು ಕೇಳಲಿಲ್ಲ. "ಕುರಿ ಈ ಕಡೆಯಿಂದ ನುಗ್ಗತವೆ, ನೀನು ನೋಡ್ಕೊಂಡಿಲ್ಲ" ಎಂದ. "ಸಾಯಂಕಾಲ ನಾನು ಈ ಕಡೆಯಿಂದ ಜಾಲಿ ಮುಳ್ಳು ಹಾಕ್ತೀನಿ. ಪೂಜಾರಪ್ಪ ಕೇಳಿದ್ರೆ ಕುರಿಗೆ ಅಂತೀನಿ."

ಒದ್ದೆ ಬಟ್ಟೆಯ ಗಂಟನ್ನು ಎದೆಗೆ ಒತ್ತಿಕೊಂಡು ಅವನು ಹೋದ. ಅದರೊಳಗೆ ಇರುವುದರಲ್ಲಿ ಎಷ್ಟು ಬದುಕುತ್ತವೆ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಮತ್ತೆ ಬಗ್ಗಿ ಬುಡ ಕೆದಕಿದೆ.